ಸೈನಸ್ ಲಿಫ್ಟ್‌ಗೆ ಯಾವ ಮೂಳೆ ಪುಡಿ? ಸ್ವಂತದ್ದೋ, ದನದ್ದೋ, ಲ್ಯಾಬಿನದ್ದೋ

"ಡಾಕ್ಟ್ರೇ, ಈ ಮೂಳೆ ಪುಡಿ ಅಂದ್ರೆ ನಾವು ತೋಟಕ್ಕೆ ಹಾಕೋ ಬೋನ್ ಮೀಲಾ?"

ಕೊಡಗಿನ ಗೋಣಿಕೊಪ್ಪದ ನನ್ನ ಕ್ಲಿನಿಕ್‌ನಲ್ಲಿ ಈ ಮಾತು ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಕೇಳುವವರು ನಗುತ್ತಲೇ ಕೇಳುತ್ತಾರೆ. ಆದರೆ ಅದು ದಡ್ಡ ಪ್ರಶ್ನೆಯೇನಲ್ಲ. ಗಿಡದ ಬುಡಕ್ಕೆ ಹಾಕುವ ಗೊಬ್ಬರವೂ ಪ್ರಾಣಿಯ ಮೂಳೆಯೇ. ಮೇಲಿನ ದವಡೆಗೆ ತುಂಬುವ ಬಿಳಿ ಕಾಳುಗಳಲ್ಲಿ ತುಂಬಾ ಬಳಕೆಯಲ್ಲಿರುವುದು ದನದ ಮೂಳೆಯಿಂದ ಬಂದದ್ದು. ಗೊಬ್ಬರ ಕರಗಿ ಗಿಡಕ್ಕೆ ಆಹಾರವಾಗುತ್ತದೆ. ಈ ಕಾಳು ಕರಗಬಾರದು, ಕನಿಷ್ಠ ಬೇಗ ಕರಗಬಾರದು. ಅಷ್ಟೇ ವ್ಯತ್ಯಾಸ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಜನ ಅಲ್ಲಿಗೆ ಬಿಡುವುದಿಲ್ಲ. ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಯಾವುದು ಒಳ್ಳೇದು?"

ನಾನು ಹಲ್ಲಿನ ಡಾಕ್ಟರ್. ಸೈನಸ್ ಲಿಫ್ಟ್ ಅಂದರೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲಿನ ಬೇರು) ನಿಲ್ಲಲು ಮೇಲಿನ ದವಡೆಯಲ್ಲಿ ಮೂಳೆ ಬೆಳೆಸುವ ಸರ್ಜರಿ. ಅದನ್ನು ಮಾಡಲು ಸರ್ಜನ್ ಒಬ್ಬರು ಹೊರಗಿನಿಂದ ಬರುತ್ತಾರೆ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಮೊದಲೂ ಆಮೇಲೂ ರೋಗಿಯ ಜೊತೆ ಕೂತು ಮಾತಾಡುವ ಕೆಲಸ ಮಾತ್ರ ನನ್ನದೇ. ಇಲ್ಲಿ ಬರೆಯುತ್ತಿರುವುದು ಆ ಕುರ್ಚಿಯಲ್ಲಿ ಕೂತು ದಿನಾ ಹೇಳುವ ಮಾತುಗಳನ್ನೇ.

ಪುಡಿಗಿಂತ ಮೊದಲು ಮಿಲಿಮೀಟರ್

ಮೇಲಿನ ದವಡೆ ಹಲ್ಲುಗಳ ಮೇಲೆ, ಕೆನ್ನೆಯ ಒಳಗೆ, ಗಾಳಿ ತುಂಬಿದ ಒಂದು ಪೊಳ್ಳು ಜಾಗ ಇದೆ. ಅದೇ ಸೈನಸ್. ದೊಡ್ಡವರಲ್ಲಿ ಸುಮಾರು 12ರಿಂದ 15 ಮಿಲಿಲೀಟರ್ ಹಿಡಿಯುವಷ್ಟು ಜಾಗ. ಹಲ್ಲು ಕಿತ್ತ ಮೇಲೆ ಎರಡು ಕಡೆಯಿಂದ ನಷ್ಟ ಶುರುವಾಗುತ್ತದೆ. ಕೆಳಗಿನಿಂದ ದವಡೆ ಮೂಳೆ ಸವೆಯುತ್ತದೆ. ಮೇಲಿನಿಂದ ಸೈನಸ್ ತನ್ನ ತಳವನ್ನು ಕೆಳಕ್ಕೆ ಇಳಿಸಿಕೊಳ್ಳುತ್ತದೆ. ಹಲ್ಲು ಕಿತ್ತು ಎಂಟು ಹತ್ತು ವರ್ಷ ಹಾಗೇ ಬಿಟ್ಟವರಲ್ಲಿ ಎರಡರ ನಡುವೆ 2-3 ಮಿಲಿಮೀಟರ್ ಮೂಳೆ ಉಳಿದಿರುವುದನ್ನು ನೋಡಿದ್ದೇನೆ. ಅಷ್ಟರಲ್ಲಿ ಇಂಪ್ಲಾಂಟ್ ಎಲ್ಲಿ ನಿಲ್ಲಬೇಕು?

ಸೈನಸ್ ಒಳಗೆ ತೆಳ್ಳಗಿನ ಒಂದು ಪೊರೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದನ್ನು ಹರಿಯದಂತೆ ಮೇಲಕ್ಕೆ ಎಬ್ಬಿಸಿ, ಅದರ ಕೆಳಗೆ ಸಿಕ್ಕ ಜಾಗಕ್ಕೆ ಕಾಳು ತುಂಬಿ, ಅಲ್ಲಿ ಮೂಳೆ ಬೆಳೆಯಲು ಬಿಡುವುದೇ ಸೈನಸ್ ಲಿಫ್ಟ್. ಎಷ್ಟೋ ಸರ್ಜನ್‌ಗಳು ಇದರ ಮೊದಲ ಪಾಠ ಕಲಿಯುವುದು ಹಸಿ ಕೋಳಿಮೊಟ್ಟೆಯ ಮೇಲೆ. ಚಿಪ್ಪಿಗೆ ಕಿಟಕಿ ಕೊರೆದು, ಒಳಗಿನ ಪೊರೆ ಹರಿಯದಂತೆ ಬಿಡಿಸಬೇಕು. ನಾನೂ ಪ್ರಯತ್ನಿಸಿದ್ದೆ. ಆ ದಿನ ಮನೆಯಲ್ಲಿ ಎಲ್ಲರಿಗೂ ಆಮ್ಲೆಟ್.

ಎಷ್ಟು ಮೂಳೆ ಉಳಿದಿದೆ ಅನ್ನುವುದೇ ಇಲ್ಲಿ ಯಜಮಾನ. 8 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಲಿಫ್ಟ್ ಬೇಕಾಗುವುದೇ ಕಡಿಮೆ. 5ರಿಂದ 8ರ ನಡುವೆ ಇದ್ದರೆ, ಇಂಪ್ಲಾಂಟ್‌ಗೆ ಕೊರೆದ ತೂತಿನಿಂದಲೇ ಕೆಳಗಿನಿಂದ ಪೊರೆಯನ್ನು ಸ್ವಲ್ಪ ಎತ್ತಬಹುದು. ಈ ದಾರಿಯನ್ನು ಸಮ್ಮರ್ಸ್ ಅನ್ನುವವರು 1994ರಲ್ಲಿ ವಿವರಿಸಿದರು. ಗಾಯ ಚಿಕ್ಕದು, ಇಂಪ್ಲಾಂಟ್ ಅದೇ ದಿನ ಕೂರುತ್ತದೆ. ಪುಡಿ ಬೇಕಾಗುವುದು ಚಿಟಿಕೆಯಷ್ಟು. ಎಷ್ಟೋ ಸಲ ಅದೂ ಬೇಡ. 4 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಮಾತ್ರ ಕೆನ್ನೆಯ ಕಡೆಯಿಂದ ಕಿಟಕಿ ತೆರೆಯುವ ದೊಡ್ಡ ಕೆಲಸ. ಇಂಪ್ಲಾಂಟ್ ಬಹಳ ಸಲ ತಿಂಗಳುಗಳ ನಂತರವೇ. ಬಾಯ್ನ್ ಮತ್ತು ಜೇಮ್ಸ್ ಇದನ್ನು 1980ರಲ್ಲಿ ಪ್ರಕಟಿಸಿದಾಗ ತುಂಬಿದ್ದು ರೋಗಿಯ ಸೊಂಟದ ಮೂಳೆಯನ್ನೇ. 4-5ರ ಗಡಿಯಲ್ಲಿ ಸರ್ಜನ್ ಕೈಯ ಮೇಲೆ, ಮೂಳೆಯ ಗಟ್ಟಿತನದ ಮೇಲೆ ತೀರ್ಮಾನ.

ಹಾಗಾಗಿ ಯಾವ ಪುಡಿ ಅನ್ನುವ ದೊಡ್ಡ ಚರ್ಚೆ ನಿಜಕ್ಕೂ ಬೇಕಾಗುವುದು ಕಿಟಕಿ ತೆರೆಯುವವರಿಗೆ. ನಿಮ್ಮದು 6 ಮಿಲಿಮೀಟರ್ ಇದ್ದರೆ ಇನ್ನೊಂದು ಮಾತೂ ಕೇಳಿ ನೋಡಿ: "6 ಮಿಲಿಮೀಟರ್ ಉದ್ದದ ಗಿಡ್ಡ ಇಂಪ್ಲಾಂಟ್ ಸಾಕಾಗಲ್ವಾ?" ಐದು ವರ್ಷ ಹಿಂಬಾಲಿಸಿದ ಅಧ್ಯಯನಗಳಲ್ಲಿ ಗಿಡ್ಡ ಇಂಪ್ಲಾಂಟ್‌ಗಳು ಲಿಫ್ಟ್ ಮಾಡಿ ಹಾಕಿದ ಉದ್ದದವುಗಳಿಗೆ ಹೆಚ್ಚು ಕಡಿಮೆ ಸರಿಸಮ ನಿಂತಿವೆ, ತೊಂದರೆಯೂ ಕಡಿಮೆ. ಕೆಲವು ಸರ್ಜನ್‌ಗಳಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. ಆದರೂ ಕೇಳಿ.

ಈ ಅಳತೆಗೆ ಸಾದಾ ಎಕ್ಸ್‌ರೇ ಸಾಲದು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಸೈನಸ್ ಒಳಗೆ ಅಡ್ಡಗೋಡೆ ಇದೆಯಾ, ಪಕ್ಕದ ಗೋಡೆಯಲ್ಲಿ ಓಡುವ ರಕ್ತನಾಳ ಎಷ್ಟು ದಪ್ಪ, ಪೊರೆ ಊದಿಕೊಂಡಿದೆಯಾ, ಸೈನಸ್ ಬಾಯಿ ಮುಚ್ಚಿದೆಯಾ ಎಲ್ಲವೂ ಅದರಲ್ಲೇ ಕಾಣುವುದು. ನಮ್ಮ ಕಡೆ ಮಳೆಗಾಲದಲ್ಲಿ ಮೂಗು ಕಟ್ಟಿಕೊಂಡೇ ನಾಲ್ಕು ತಿಂಗಳು ಕಳೆಯುವವರು ಬಹಳ. ಸೈನಸ್‌ನಲ್ಲಿ ಕೀವು ಇದ್ದರೆ ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರ್, ಆಮೇಲೆ ನಾವು. ಅದಕ್ಕೆ ಬದಲಿ ದಾರಿ ಇಲ್ಲ.

ಸ್ವಂತ ಮೂಳೆ

ಕಾಗದದ ಮೇಲೆ ಇದಕ್ಕೆ ಸಾಟಿ ಇಲ್ಲ. ಬೇರೆ ಎಲ್ಲ ಪುಡಿಗಳೂ ನಿರ್ಜೀವ. ಇದರಲ್ಲಿ ಮಾತ್ರ ಜೀವಂತ ಕೋಶ ಇರುತ್ತದೆ. ಜೊತೆಗೆ ಮೂಳೆ ಬೆಳೆಸುವ ಪ್ರೋಟೀನೂ ಇರುತ್ತದೆ. ನಾನು ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಮೆಣಸಿನ ಬಳ್ಳಿಗೆ ಹಬ್ಬಲು ಮರ ಬೇಕು. ಬೇರೆ ಪುಡಿಗಳು ಬರೀ ಮರ. ಬಳ್ಳಿ ನಿಮ್ಮ ದವಡೆ ಮೂಳೆಯಿಂದಲೇ ಬಂದು ಹಬ್ಬಬೇಕು. ಸ್ವಂತ ಮೂಳೆ ಅಂದರೆ ಬೇರು ಬಿಟ್ಟ ಬಳ್ಳಿಯನ್ನು ಮಣ್ಣಿನ ಸಮೇತ ತಂದು ನೆಟ್ಟ ಹಾಗೆ.

ಬೇಗ ಗುಣವಾಗುತ್ತದೆ. 4ರಿಂದ 6 ತಿಂಗಳಿಗೆ ಇಂಪ್ಲಾಂಟ್ ಹಾಕಬಹುದು. ಆದರೆ ತರುವುದು ಎಲ್ಲಿಂದ? ಗದ್ದದಿಂದ ತೆಗೆದರೆ ಕೆಳಗಿನ ಮುಂದಿನ ಹಲ್ಲುಗಳು ತಿಂಗಳುಗಟ್ಟಲೆ ಜೋಮು ಹಿಡಿದ ಹಾಗೆ ಇರಬಹುದು. ಕೆಳದವಡೆಯ ಹಿಂಭಾಗದಿಂದ ತೆಗೆದರೆ ಎರಡನೇ ಗಾಯ, ಎರಡನೇ ಊತ. ಸೊಂಟದಿಂದಾದರೆ ಪೂರ್ತಿ ಅರಿವಳಿಕೆ, ಆಸ್ಪತ್ರೆ ವಾಸ, ಕೆಲವು ದಿನ ಕುಂಟುವುದು. ಇಷ್ಟೆಲ್ಲ ಆದ ಮೇಲೆ ಇನ್ನೊಂದು ಬೇಸರ ಇದೆ. ಸ್ವಂತ ಮೂಳೆ ಬೇಗ ಕೂಡಿಕೊಳ್ಳುವ ಹಾಗೇ ಬೇಗ ಕುಗ್ಗುತ್ತದೆ. ಸೈನಸ್ ಒಳಗೆ ಉಸಿರಿನ ಗಾಳಿ ಒತ್ತುತ್ತಲೇ ಇರುತ್ತದೆ, ತುಂಬಿದ ಎತ್ತರ ಇಳಿಯುತ್ತದೆ. ಸೊಂಟದ ಮೂಳೆಯಲ್ಲಿ ಇದು ಜಾಸ್ತಿ.

ಒಂದೆರಡು ಹಲ್ಲಿಗೋಸ್ಕರ ಗದ್ದ, ಸೊಂಟ ಕೊಯ್ಯಿಸಿಕೊಳ್ಳುವುದು ನನ್ನ ಮಟ್ಟಿಗೆ ಅತಿಯಾಯಿತು. ಆದರೆ ಸ್ವಂತ ಮೂಳೆಯ ಚಿಕ್ಕ ರೂಪ ಒಂದಿದೆ, ಅದು ನನಗೆ ತುಂಬಾ ಇಷ್ಟ. ಕಿಟಕಿ ತೆರೆಯುವಾಗ ಅದೇ ಗೋಡೆಯನ್ನು ತೆಂಗಿನಕಾಯಿ ತುರಿದ ಹಾಗೆ ತುರಿಯುವ ಒಂದು ಉಪಕರಣ ಬರುತ್ತದೆ. ಒಂದು ಚಮಚದಷ್ಟೂ ಸಿಗುವುದಿಲ್ಲ. ಸಿಕ್ಕಿದ್ದನ್ನು ಬೇರೆ ಪುಡಿಗೆ ಬೆರೆಸಿದರೆ ಹೊಸ ಗಾಯ ಇಲ್ಲದೆಯೇ ಬೇರು ಬಿಟ್ಟ ಬಳ್ಳಿಯೂ ಸೇರಿದ ಹಾಗಾಯಿತು. ಯಾವ ಪುಡಿ ಆರಿಸಿಕೊಂಡರೂ ಈ ತುರಿ ಬೆರೆಸುತ್ತೀರಾ ಅಂತ ಸರ್ಜನ್‌ಗೆ ಕೇಳಿ. ಖರ್ಚೂ ಇಲ್ಲ.

ದನದ ಮೂಳೆ

ಸೈನಸ್ ಒಳಗೆ ಹೆಚ್ಚು ಅಧ್ಯಯನ ಆಗಿರುವುದು ಇದರ ಮೇಲೆಯೇ. ಸ್ವಿಟ್ಜರ್‌ಲೆಂಡಿನ ಗೈಸ್ಟ್‌ಲಿಖ್ ಕಂಪನಿಯ ಬಯೋ-ಆಸ್ ಎಲ್ಲರೂ ಹೇಳುವ ಹೆಸರು. ಜರ್ಮನಿಯ ಸೆರಾಬೋನ್ ಇನ್ನೊಂದು. ದನದ ಮೂಳೆಯಿಂದ ಕೊಬ್ಬು, ಪ್ರೋಟೀನ್ ಎಲ್ಲ ತೆಗೆದು ಬರೀ ಖನಿಜದ ಹಂದರ ಉಳಿಸುತ್ತಾರೆ. ಸೆರಾಬೋನನ್ನು 1200 ಡಿಗ್ರಿ ದಾಟಿ ಸುಡುತ್ತಾರೆ. ಕೊನೆಗೆ ಉಳಿಯುವುದು ಸಣ್ಣ ತೂತುಗಳಿರುವ ಬಿಳಿ ಕಾಳು. ನಮ್ಮ ಮೂಳೆಯ ಒಳರಚನೆಗೆ ಬಹಳ ಹತ್ತಿರ.

"ದನದ ಹುಚ್ಚು ರೋಗ ಬರಲ್ವಾ?" ಅಂತ ಓದಿಕೊಂಡವರು ಕೇಳುತ್ತಾರೆ. ಆ ರೋಗದ ಭಯ ಕಡಿಮೆ ಇರುವ ದೇಶಗಳ ದನಗಳ ಮೂಳೆಯನ್ನೇ ತರುತ್ತಾರೆ, ರೋಗ ಹರಡುವ ಪ್ರೋಟೀನ್ ಉಳಿಯದಂತೆ ಸಂಸ್ಕರಿಸುತ್ತಾರೆ. ಹಲ್ಲಿನ ಗ್ರಾಫ್ಟ್‌ನಿಂದ, ಅಂದರೆ ಹೀಗೆ ತುಂಬುವ ಮೂಳೆಯಿಂದ, ಆ ರೋಗ ಬಂದ ದಾಖಲೆ ಇಲ್ಲ.

ಇದರ ದೊಡ್ಡ ಗುಣವೇ ಕರಗದೆ ನಿಲ್ಲುವುದು. ಹತ್ತು ವರ್ಷ ದಾಟಿದ ಮೇಲೆ ತೆಗೆದು ನೋಡಿದ ಮಾದರಿಗಳಲ್ಲೂ ಕಾಳುಗಳು ಹೊಸ ಮೂಳೆಯ ನಡುವೆ ಹಾಗೇ ಇದ್ದವು. ಹಾಗಾಗಿ ಎತ್ತರ ಇಳಿಯುವುದಿಲ್ಲ. ಬಳ್ಳಿಗೆ ಸಿಲ್ವರ್ ಓಕ್ ಇದ್ದ ಹಾಗೆ, ಬಳ್ಳಿ ಹೋದರೂ ಮರ ನಿಲ್ಲುತ್ತದೆ. ದೋಷ ಅಂದರೆ ನಿಧಾನ. 6ರಿಂದ 9 ತಿಂಗಳು ಕಾಯಬೇಕು.

ಕಾಯದಿದ್ದರೆ ಏನಾಗುತ್ತದೆ ಅನ್ನುವುದು ನನ್ನದೇ ತಪ್ಪಿನಿಂದ ಗೊತ್ತು. ಹಲವು ವರ್ಷದ ಹಿಂದಿನ ಮಾತು. ಮಗಳ ಮದುವೆಗೆ ಮೊದಲು ಹಲ್ಲು ಕೂರಬೇಕು ಅಂತ ಒಬ್ಬರು ಹಟ ಹಿಡಿದರು. ತುಂಬಿದ್ದು ಬರೀ ದನದ ಮೂಳೆ. ಆಗಿದ್ದು ನಾಲ್ಕೂವರೆ ತಿಂಗಳು. ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ, ಚೆನ್ನಾಗಿ ಕಾಣುತ್ತಿತ್ತು. ಇನ್ನೂ ಕಾಯೋಣ ಅಂತ ಸರ್ಜನ್ ಹೇಳಿದ್ದರು, ಒತ್ತಾಯಿಸಿದವನು ನಾನು. ಡ್ರಿಲ್ ಬೆಂದ ಗೆಣಸಿಗೆ ಇಳಿದ ಹಾಗೆ ಇಳಿಯಿತು. ಇಂಪ್ಲಾಂಟ್ ಕೂತಲ್ಲೇ ತಿರುಗಿತು, ತೆಗೆಯಬೇಕಾಯಿತು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡದ್ದು ಹೊಸ ಮೂಳೆ ಅಲ್ಲ, ನಾವೇ ತುಂಬಿದ ಕಾಳು. ಈ ಪುಡಿಯಲ್ಲಿ ಎಕ್ಸ್‌ರೇ ನೋಡಿ ಗುಣವಾಯಿತು ಅಂತ ಹೇಳಲು ಬರುವುದಿಲ್ಲ. ಕ್ಯಾಲೆಂಡರ್ ನೋಡಬೇಕು.

"ಗೋವಿನ ಮೂಳೆ ಬಾಯಲ್ಲಿಟ್ಟು ತೀರ್ಥ ಕುಡಿಯೋದು ಹೇಗೆ?"

ಹೀಗೆ ಕೇಳಿದ್ದು ಅಮ್ಮತ್ತಿ ಕಡೆಯ ಒಬ್ಬ ಅಜ್ಜಿ. ಎಪ್ಪತ್ತು ದಾಟಿದವರು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವುದನ್ನು ತಪ್ಪಿಸಿದವರಲ್ಲ. ಮಗ ಮುಂದೆ ಕೂತು ಬೆಲೆ ಕೇಳುತ್ತಿದ್ದ, ನಾನು ಕಾಳಿನ ತೂತು ವಿವರಿಸುತ್ತಿದ್ದೆ. ಹಿಂದಿನಿಂದ ಈ ಮಾತು ಬಂತು. ಇಬ್ಬರೂ ಸುಮ್ಮನಾದೆವು.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಡಾಕ್ಟರ್‌ಗಳು ನನಗೆ ಗೊತ್ತು. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತು ವರ್ಷ ದೇಹದೊಳಗೆ ಉಳಿಯುವ ವಸ್ತು ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ಆ ದೇಹದವರಿಗೆ ಇರದೆ ಇನ್ಯಾರಿಗೆ ಇರಬೇಕು? ತೊಂದರೆ ಏನೆಂದರೆ ಯಾರೂ ಹೇಳುವುದಿಲ್ಲ. ಒಪ್ಪಿಗೆ ಪತ್ರದಲ್ಲಿ "ಬೋವೈನ್" ಅಂತ ಇರುತ್ತದೆ. ಅದು ದನ ಅಂತ ಎಷ್ಟು ಜನಕ್ಕೆ ಗೊತ್ತು? "ಪೋರ್ಸೈನ್" ಅಂದರೆ ಹಂದಿ. "ಈಕ್ವೈನ್" ಅಂದರೆ ಕುದುರೆ.

ಕೊಡಗಿನಲ್ಲಿ ಈ ಲೆಕ್ಕ ಇನ್ನೂ ಮಜಾ ಇದೆ. ಪಂದಿ ಕರಿ ಮಾಡುವ ಮನೆಯವರಿಗೆ ಹಂದಿ ಮೂಳೆ ಅಂದರೆ ನಗು ಬರುತ್ತದೆ, ಬೇಡ ಅನ್ನುವುದಿಲ್ಲ. ದನ ಅಂದರೆ ಮುಖ ಗಂಟಾಗುತ್ತದೆ. ಪಕ್ಕದ ಕುರ್ಚಿಯಲ್ಲಿ ಕೂತ ಮುಸ್ಲಿಂ ಅಣ್ಣನಿಗೆ ಇದು ಪೂರ್ತಿ ತಿರುಗಾಮುರುಗಾ. ಸಸ್ಯಾಹಾರಿ ಮನೆಯವರಿಗೆ ಎರಡೂ ಬೇಡ. ಇನ್ನೂ ಒಂದು ಗುಟ್ಟು ಹೇಳುತ್ತೇನೆ. ಪುಡಿಯ ಮೂಲ ಕೇಳಿದವರೂ ಅದರ ಮೇಲೆ ಹೊದಿಸುವ ಪೊರೆಯ ಮೂಲ ಕೇಳುವುದಿಲ್ಲ. ಕಿಟಕಿ ಮುಚ್ಚಲು ಹಾಕುವ ಕೊಲಾಜೆನ್ ಪೊರೆಗಳಲ್ಲಿ ಬಹಳಷ್ಟು ಹಂದಿಯದ್ದು. ಬಯೋ-ಆಸ್ ಜೊತೆ ಸಾಮಾನ್ಯವಾಗಿ ಬರುವ ಬಯೋ-ಗೈಡ್ ಕೂಡ ಹಂದಿಯದ್ದೇ. ಹಾಗಾಗಿ ಎರಡು ಪ್ರಶ್ನೆ ಕೇಳಿ: ಪುಡಿ ಯಾವುದರದ್ದು, ಪೊರೆ ಯಾವುದರದ್ದು.

ಅಜ್ಜಿಗೆ ಕೊನೆಗೆ ಹಾಕಿದ್ದು ಲ್ಯಾಬಿನಲ್ಲಿ ಮಾಡಿದ ಪುಡಿ ಮತ್ತು ಅವರದೇ ಗೋಡೆಯ ತುರಿ. ಮುಚ್ಚಲು ಅವರದೇ ರಕ್ತದಿಂದ ಮಾಡಿದ ಪೊರೆ.

ಲ್ಯಾಬಿನಲ್ಲಿ ಮಾಡಿದ್ದು

ಮೂಳೆಯಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಅದನ್ನೇ ಪ್ರಾಣಿ ಇಲ್ಲದೆ ತಯಾರಿಸಿದರೆ ಈ ಪುಡಿ. ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನವಾಗಿ ಕರಗುತ್ತದೆ, ಸಿಲ್ವರ್ ಓಕ್ ಜಾತಿ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ, ಬಳ್ಳಿ ಪೂರ್ತಿ ಹಬ್ಬುವ ಮೊದಲೇ ಲಡ್ಡು ಹಿಡಿದು ಬೀಳುವ ಮರದ ಹಾಗೆ. ಒಂದನ್ನೇ ಹಾಕಿದರೆ ಒಂದೊಂದು ತೊಂದರೆ. ಅದಕ್ಕೇ ಎರಡನ್ನೂ ಬೆರೆಸಿ, ಸಾಮಾನ್ಯವಾಗಿ 60ಕ್ಕೆ 40ರ ಲೆಕ್ಕದಲ್ಲಿ, ಮಾಡುತ್ತಾರೆ. ಒಂದು ಭಾಗ ಕರಗಿ ಜಾಗ ಬಿಡುತ್ತದೆ, ಇನ್ನೊಂದು ಎತ್ತರ ಹಿಡಿಯುತ್ತದೆ. ಬಯೋಆಕ್ಟಿವ್ ಗಾಜಿನ ಪುಡಿಯೂ ಇದೆ. ಲ್ಯಾರಿ ಹೆಂಚ್ 1969ರಲ್ಲಿ ಕಂಡುಹಿಡಿದ ಗಾಜು ಅದು. ಬೇರೆ ಕಡೆ ಒಳ್ಳೆಯದು, ದೊಡ್ಡ ಸೈನಸ್‌ಗೆ ಒಂಟಿಯಾಗಿ ಹಾಕುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ.

ಇದಕ್ಕೂ 6ರಿಂದ 9 ತಿಂಗಳು. ಹೊಸ ಮೂಳೆಯ ಪ್ರಮಾಣ ದನದ ಮೂಳೆಗಿಂತ ಒಂದು ಕೈ ಕಡಿಮೆ ಅಂತ ಕೆಲವು ಕಡೆ, ಸರಿಸಮ ಅಂತ ಕೆಲವು ಕಡೆ ಕಂಡಿದೆ. ನಮ್ಮ ದೇಶದಲ್ಲೇ ತಯಾರಾಗುವುದು ಸಿಗುತ್ತದೆ, ಬೆಲೆ ಕಡಿಮೆ. ಮೂಲದ ಬಗ್ಗೆ ಮನಸ್ಸಿಗೆ ಕಸಿವಿಸಿ ಇರುವವರು ಕಣ್ಣು ಮುಚ್ಚಿ ಇದನ್ನು ಆರಿಸಬಹುದು. ಏನೂ ಕಳೆದುಕೊಳ್ಳುವುದಿಲ್ಲ.

ಇನ್ನೊಬ್ಬರ ಮೂಳೆ

ದಾನಿಗಳ ಮೂಳೆಯನ್ನು ಪರೀಕ್ಷಿಸಿ, ಒಣಗಿಸಿ, ಕ್ರಿಮಿ ಇಲ್ಲದಂತೆ ಮಾಡಿದ ಪುಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಈ ಕೆಲಸ ಮಾಡುತ್ತಿದೆ. ಗಾಮಾ ಕಿರಣ ಹಾಯಿಸಿ ಶುದ್ಧ ಮಾಡುತ್ತಾರೆ. ಹೊರದೇಶದ ಪುಡಿಗಳ ಮುಂದೆ ಬೆಲೆ ಕಡಿಮೆ. ಇದರಲ್ಲಿ ಖನಿಜ ಉಳಿಸಿದ್ದು, ಖನಿಜ ತೆಗೆದದ್ದು ಅಂತ ಎರಡು ಬಗೆ. ಖನಿಜ ತೆಗೆದದ್ದು ಮೆತ್ತಗೆ, ಬೇಗ ಕುಗ್ಗುತ್ತದೆ, ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಸೈನಸ್‌ಗೆ ಒಂಟಿಯಾಗಿ ಅದು ಬೇಡ. ಖನಿಜ ಇರುವುದು ಒಳ್ಳೆಯದು, ಸುಮಾರು 6 ತಿಂಗಳಿಗೆ ಇಂಪ್ಲಾಂಟ್‌ಗೆ ತಯಾರು.

ಸತ್ತವರ ಮೂಳೆಯಾ ಅಂತ ಕೇಳಿ ಹಿಂದೆ ಸರಿಯುವವರು ಜಾಸ್ತಿ. ಕೆಲವು ದಾನಿಗಳು ಬದುಕಿರುವವರೇ. ಸೊಂಟದ ಕೀಲು ಬದಲಾಯಿಸುವಾಗ ತೆಗೆದ ಮೂಳೆಯನ್ನೂ ಅಂಗಾಂಶ ಬ್ಯಾಂಕ್‌ಗಳು ತೆಗೆದುಕೊಳ್ಳುತ್ತವೆ. ಇದನ್ನು ಹೇಳಿದರೂ ಒಬ್ಬ ಹಿರಿಯರು ತಲೆ ಅಲ್ಲಾಡಿಸಿದರು. "ನಮ್ಮ ಗುರು ಕಾರೋಣಂದಾದ್ರೆ ಹಾಕಿ ಡಾಕ್ಟ್ರೇ, ಯಾರ್ಯಾರದ್ದೋ ಬೇಡ." ಗುರು ಕಾರೋಣ ಅಂದರೆ ಕೊಡವ ಕುಟುಂಬದ ಮೂಲಪುರುಷ.

ರಕ್ತದಿಂದ ಮಾಡುವ ಪೊರೆ, ಮತ್ತೆ ಏನೂ ಹಾಕದಿರುವುದು

ಪಿಆರ್‌ಎಫ್ ಅನ್ನುವ ಮಾತು ಈಗ ಎಲ್ಲ ಜಾಹೀರಾತಿನಲ್ಲೂ ಇದೆ. ಫ್ರಾನ್ಸಿನ ಶೂಕ್ರೂನ್ 2001ರಲ್ಲಿ ಹೇಳಿಕೊಟ್ಟ ವಿಧಾನ. ನಿಮ್ಮದೇ ರಕ್ತ ತೆಗೆದು, ಔಷಧಿ ಏನೂ ಬೆರೆಸದೆ, ಯಂತ್ರದಲ್ಲಿ ಗರಗರ ತಿರುಗಿಸಿದರೆ ಹಳದಿ ಜೆಲ್ಲಿಯಂಥ ಗೆಡ್ಡೆ ಸಿಗುತ್ತದೆ. ಒತ್ತಿದರೆ ಪೊರೆಯಾಗುತ್ತದೆ. ವಸಡಿನ ಗಾಯಕ್ಕೆ ಒಳ್ಳೆಯದು. ಸೈನಸ್ ಪೊರೆ ಸಣ್ಣಗೆ ಹರಿದರೆ ತೇಪೆಗೆ ಬರುತ್ತದೆ. ಪುಡಿಗೆ ಬೆರೆಸಿದರೆ ಅಂಟಂಟಾಗಿ ಕೈಗೆ ಸುಲಭ. ಆದರೆ "ಇದನ್ನು ಬೆರೆಸಿದರೆ ಮೂಳೆ ಅರ್ಧ ಸಮಯದಲ್ಲಿ ಬೆಳೆಯುತ್ತದೆ" ಅಂತ ಯಾರಾದರೂ ಅಂದರೆ ನಂಬಬೇಡಿ. ಅಂಥ ಗಟ್ಟಿ ಪುರಾವೆ ಇಲ್ಲ. ಇದು ಮೆಣಸಿನ ಬುಡಕ್ಕೆ ಹಾಕುವ ಸೊಪ್ಪು, ಮರವೂ ಅಲ್ಲ ಬಳ್ಳಿಯೂ ಅಲ್ಲ.

ಮೂಳೆ ಬೆಳೆಸುವ ಬಿಎಂಪಿ-2 ಅನ್ನುವ ಪ್ರೋಟೀನ್‌ಗೆ ಅಮೆರಿಕದಲ್ಲಿ 2007ರಲ್ಲಿ ಸೈನಸ್ ಲಿಫ್ಟ್‌ಗೆ ಅನುಮತಿ ಸಿಕ್ಕಿತು. ಬೆಲೆ ಜಾಸ್ತಿ, ಊತವೂ ಜಾಸ್ತಿ. ಒಂದು ಹಲ್ಲಿಗೆ ಅದರ ಸುದ್ದಿ ಬೇಡ.

ಏನೂ ತುಂಬದ ದಾರಿಯೂ ಇದೆ. ಸ್ವೀಡನ್ನಿನ ಲುಂಡ್‌ಗ್ರೆನ್ ಮತ್ತು ಜೊತೆಯವರು 2004ರಲ್ಲಿ ತೋರಿಸಿದ್ದು. ಪೊರೆ ಎತ್ತಿ, ಇಂಪ್ಲಾಂಟನ್ನೇ ಡೇರೆಯ ಕಂಬದ ಹಾಗೆ ನಿಲ್ಲಿಸಿ, ಒಳಗೆ ರಕ್ತ ಹೆಪ್ಪುಗಟ್ಟಲು ಬಿಡುವುದು. ಮೂಳೆ ಬೆಳೆಯುತ್ತದೆ, ನಿಜ. ಪುಡಿ ತುಂಬಿದಷ್ಟು ಎತ್ತರ ಬರುವುದಿಲ್ಲ. ಇಂಪ್ಲಾಂಟನ್ನು ಅದೇ ದಿನ ಹಿಡಿದು ನಿಲ್ಲಿಸುವಷ್ಟು ಮೂಳೆ ಇರಲೇಬೇಕು. ಇದ್ದರೆ ಪುಡಿಯ ಖರ್ಚು ಉಳಿಯಿತು.

ಹಾಗಾದರೆ ಯಾವುದು?

ಯಾವ ಪುಡಿ ಹಾಕಿದರೂ ಸರಿಯಾಗಿ ಕಾದು ಹಾಕಿದ ಇಂಪ್ಲಾಂಟ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನಿಲ್ಲುತ್ತವೆ. ಮೊದಲ ತಿಂಗಳುಗಳಲ್ಲಿ ಸ್ವಂತ ಮೂಳೆ ಮುಂದೆ ಇರುತ್ತದೆ. 9 ತಿಂಗಳು ದಾಟಿದ ಮೇಲೆ ಆ ಅಂತರ ಮಸುಕಾಗುತ್ತದೆ. ಅಂದರೆ ನೀವು ಆರಿಸುತ್ತಿರುವುದು ಗೆಲುವು ಸೋಲನ್ನಲ್ಲ. ಎರಡನೇ ಗಾಯ ಬೇಕೋ, ಮೂರು ತಿಂಗಳು ಜಾಸ್ತಿ ಕಾಯುವುದು ಬೇಕೋ, ಮೂಲ ಮನಸ್ಸಿಗೆ ಒಪ್ಪುತ್ತದೋ, ದುಡ್ಡು ಎಷ್ಟು, ಇಷ್ಟೇ.

ಮೂಲದ ಬಗ್ಗೆ ತಕರಾರಿಲ್ಲದವರಿಗೆ ನಾನು ಹೇಳುವುದು ದನದ ಮೂಳೆ, ಜೊತೆಗೆ ಗೋಡೆಯ ತುರಿ. ತಕರಾರಿದ್ದರೆ 60-40ರ ಲ್ಯಾಬ್ ಪುಡಿ, ಅದಕ್ಕೂ ತುರಿ. ದುಡ್ಡು ತೀರಾ ಬಿಗಿಯಿದ್ದರೆ ದಾನಿ ಮೂಳೆ, ಖನಿಜ ಇರುವುದು. ಎರಡೂ ಕಡೆ ದವಡೆ ಪೂರ್ತಿ ಸವೆದು ಹೋದವರ ಲೆಕ್ಕ ಬೇರೆ, ಅವರಿಗೆ ಸೊಂಟದ ಮೂಳೆಯ ಮಾತು ಬಂದರೆ ಗಾಬರಿಯಾಗಬೇಡಿ. ವಿರಾಜಪೇಟೆಯಲ್ಲೇ ಡೆಂಟಲ್ ಕಾಲೇಜು ಇದೆ, 1999ರಿಂದ. ಇಂಥ ದೊಡ್ಡ ಕೇಸುಗಳಿಗೆ ಒಬ್ಬರ ಮಾತಿಗಿಂತ ನಾಲ್ಕು ವಿಭಾಗದವರು ಕೂತು ನೋಡುವುದು ಒಳ್ಳೆಯದು.

ಪುಡಿಗಿಂತ ಹೆಚ್ಚು ಆಟ ಆಡಿಸುವ ವಿಷಯಗಳು ಬೇರೆ ಇವೆ. ಒಂದು, ಸೈನಸ್‌ನ ಅಗಲ. ಹೊಸ ಮೂಳೆ ಗೋಡೆಗಳಿಂದ ಹೊರಟು ನಡುವಿಗೆ ಬರಬೇಕು. ಗೋಡೆಗಳು ಹತ್ತಿರ ಇದ್ದರೆ ಬೇಗ ಸೇರುತ್ತವೆ. ಅಗಲ ಇದ್ದರೆ ನಡುಭಾಗ ತಿಂಗಳುಗಟ್ಟಲೆ ಹಸಿ. ಎರಡು, ಪೊರೆ ಹರಿಯುವುದು. ಒಳ್ಳೆಯ ಕೈಯಲ್ಲೂ ಐದರಲ್ಲಿ ಒಂದು ಸಲ ಆಗುವುದುಂಟು. ಚಿಕ್ಕ ಹರುಕಿಗೆ ತೇಪೆ ಹಾಕಿ ಮುಂದುವರಿಯುತ್ತಾರೆ. ದೊಡ್ಡದಾದರೆ ಹೊಲಿದು ನಿಲ್ಲಿಸಿ, ಕೆಲವು ತಿಂಗಳ ಮೇಲೆ ಮತ್ತೆ. ನಿಲ್ಲಿಸಿದ ಸರ್ಜನ್ ಮೇಲೆ ಸಿಟ್ಟಾಗಬೇಡಿ, ನಿಲ್ಲಿಸದವರ ಮೇಲೆ ಆಗಿ. ಮೂರು, ಬೀಡಿ ಸಿಗರೇಟು. ನಾಲ್ಕು, ಸಕ್ಕರೆ ಕಾಯಿಲೆ. ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 7ರ ಆಸುಪಾಸಿಗೆ ಬರಲಿ, ಆಮೇಲೆ ಬನ್ನಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯೋ ವರ್ಷಕ್ಕೊಂದು ಇಂಜೆಕ್ಷನ್ನೋ ತೆಗೆದುಕೊಳ್ಳುವ ಅಮ್ಮಂದಿರು ಅದನ್ನು ಮರೆಯದೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯೂ ಹಾಗೆಯೇ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಯಾವ ತಿಂಗಳಲ್ಲಿ ಮಾಡಿಸುವುದು

ಕೊಡಗಿನವರಿಗೆ ಇದು ಪುಡಿಯಷ್ಟೇ ಮುಖ್ಯ. ಮೊದಲ ಎರಡು ಮೂರು ವಾರ ಮೂಗಿನ ಒತ್ತಡ ಏರಬಾರದು. ಮೂಗು ಊದಿ ಸಿಂಬಳ ತೆಗೆಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಸ್ಟ್ರಾದಲ್ಲಿ ಹೀರಬಾರದು. ಭಾರ ಎತ್ತಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಮನೆಯಲ್ಲಿ ನೆಗಡಿ ಇರುವಾಗ ಇದು ಆಗುವ ಮಾತಾ? ಜನವರಿ, ಫೆಬ್ರವರಿಯಲ್ಲಿ ರೋಬಸ್ಟಾ ಕುಯಿಲು. ತೋಟದವರು ಕೂರಲು ಒಪ್ಪುವುದಿಲ್ಲ. ಅದರ ಬೆನ್ನಿಗೇ ಮೆಣಸು.

ಮೆಣಸಿನ ಕತೆ ಹೇಳಲೇಬೇಕು. ನಾಪೋಕ್ಲು ಕಡೆಯ ಒಬ್ಬರು ಲಿಫ್ಟ್ ಆಗಿ ಐದನೇ ದಿನ ಕಣಕ್ಕೆ ಹೋದರು. ಮೆಣಸು ಬಿಡಿಸುತ್ತಿದ್ದರು, ದೂಳು ಎದ್ದಿತ್ತು. ಬಾಯಿ ಮುಚ್ಚಿ ಸೀನು ತಡೆದರು. ಸಂಜೆ ಕರವಸ್ತ್ರದಲ್ಲಿ ನುಚ್ಚಕ್ಕಿಯಂಥ ಬಿಳಿ ಕಾಳು. ಫೋನ್ ಮಾಡಿ ಕೇಳಿದ್ದು, "ಡಾಕ್ಟ್ರೇ, ಎಷ್ಟು ಕಾಳು ಹೋದ್ರೆ ತೊಂದ್ರೆ?" ಅದೃಷ್ಟಕ್ಕೆ ಸೋಂಕು ಆಗಲಿಲ್ಲ. ಅರ್ಧ ಎತ್ತರ ಹೋಯಿತು, ಮತ್ತೆ ಮಾಡಬೇಕಾಯಿತು.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು ಮಳೆ ಇಳಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಮಾಡಿಸಿದರೆ ಅನುಕೂಲ. ಇಲ್ಲವೇ ಕುಯಿಲು ಮೆಣಸು ಎಲ್ಲ ಮುಗಿದ ಏಪ್ರಿಲ್ ಕೊನೆ, ಮೇ. ಗಾಯ ಮಾಗಿ ಮೂರು ವಾರ ಆದ ಮೇಲೆ ಮಳೆಗಾಲ ಬಂದರೂ ಒಳಗಿನ ಮೂಳೆ ತನ್ನ ಪಾಡಿಗೆ ಬೆಳೆಯುತ್ತದೆ. ಆದರೆ ಆ ಏಪ್ರಿಲ್, ಮೇ ಸಮಯಕ್ಕೇ ಕೊಡವ ಕುಟುಂಬಗಳ ಹಾಕಿ ಟೂರ್ನಿಯೂ ಬರುತ್ತದೆ. 1997ರಿಂದ ನಡೆದು ಬಂದದ್ದನ್ನು ತಪ್ಪಿಸಿ ಅಂದರೆ ನನ್ನ ಮಾತು ಯಾರು ಕೇಳುತ್ತಾರೆ? ಆಡುವುದಿದ್ದರೆ ಅಕ್ಟೋಬರ್‌ಗೇ ಬನ್ನಿ. ನೋಡಲು ಹೋಗುವುದಾದರೆ ಸರಿ, ಕೂಗಾಡಬೇಡಿ.

ವಿಮಾನ ಎರಡು ವಾರವಾದರೂ ಬೇಡ, ಸರ್ಜನ್ ಜಾಸ್ತಿ ಅಂದರೆ ಜಾಸ್ತಿ. ತಿಂಗಳ ರಜೆಯಲ್ಲಿ ಬಂದ ಮಿಲಿಟರಿಯವರು ಬಂದ ದಿನವೇ ಮಾಡಿಸಿದರೆ ಉಂಟು, ಹೊರಡುವ ವಾರದಲ್ಲಿ ಬೇಡ. ಘಾಟಿಯ ಬಗ್ಗೆಯೂ ಕೇಳುತ್ತಾರೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಸಂಪಾಜೆ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಸೈನಸ್‌ಗೂ ಅದೇ ಒತ್ತಡ. ಮಂಗಳೂರಿನಲ್ಲಿ ಸರ್ಜರಿ ಮಾಡಿಸಿ ಅದೇ ಸಂಜೆ ಘಾಟಿ ಹತ್ತುವುದಕ್ಕಿಂತ ಒಂದೆರಡು ದಿನ ನೆಂಟರ ಮನೆಯಲ್ಲಿ ಉಳಿಯುವುದು ಮೇಲು ಅಂತ ನಾನು ಹೇಳುತ್ತೇನೆ. ಕಿವಿ ಬಿಡಿಸಿಕೊಳ್ಳಲು ಮೂಗು ಹಿಡಿದು ಊದುವ ಅಭ್ಯಾಸ ಇದ್ದವರು ಅದನ್ನಂತೂ ಮಾಡಲೇಬೇಡಿ.

ಊಟಕ್ಕೆ ಆರಿದ ಗಂಜಿ, ಹಾಲಿನಲ್ಲಿ ನೆನೆಸಿದ ನೂಲ್‌ಪುಟ್ಟು (ಅಕ್ಕಿ ಶಾವಿಗೆ). ಪಂದಿ ಕರಿ ಹೊಲಿಗೆ ತೆಗೆದ ಮೇಲೆ, ಇನ್ನೊಂದು ಕಡೆಯಿಂದ ಅಗಿದು. ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಗಾಯಕ್ಕೆ ತಾಗಿದರೆ ಉರಿ ತಡೆಯಲಾಗುವುದಿಲ್ಲ. ಎಲೆಅಡಿಕೆ, ಹೊಗೆಸೊಪ್ಪು ಬೇಡ. ಕೊಟ್ಟ ಮಾತ್ರೆಗಳಲ್ಲಿ ಮೆಟ್ರೊನಿಡಜೋಲ್ ಇದ್ದರೆ ಮನೆಯಲ್ಲಿ ಮಾಡಿದ ವೈನ್ ಕೂಡ ಬೇಡ, "ಅದು ಹಣ್ಣಿಂದು ಡಾಕ್ಟ್ರೇ" ಅನ್ನುವುದೂ ಬೇಡ.

ಮೂರು ದಿನ ಕೆನ್ನೆ ಊದುವುದು, ಮೂಗಿನಲ್ಲಿ ಒಂದೆರಡು ಹನಿ ರಕ್ತ, ಕಣ್ಣ ಕೆಳಗೆ ನೀಲಿ ಇವೆಲ್ಲ ಆಗುವಂಥದ್ದೇ. ನಾಲ್ಕನೇ ದಿನದಿಂದ ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ಮೂಗಿನಿಂದ ಕೆಟ್ಟ ವಾಸನೆಯ ನೀರು ಬಂದರೆ, ಕಾಳು ಬಂದರೆ, ಕುಡಿದ ನೀರು ಮೂಗಿಗೆ ಹೋದರೆ ಅದೇ ದಿನ ಫೋನ್ ಮಾಡಿ. ಸೋಂಕು ತಗುಲಿದ ಪುಡಿಯನ್ನು ಮಾತ್ರೆಯಿಂದ ಉಳಿಸಲು ನೋಡುತ್ತಾ ವಾರ ಕಳೆದರೆ ಸೈನಸ್ ಪೂರ್ತಿ ಕೆಡುತ್ತದೆ, ಕೊನೆಗೆ ತೆಗೆಯಲೇಬೇಕಾಗುತ್ತದೆ.

ಬಿಲ್ಲಿನ ಬಗ್ಗೆ ಒಂದು ಮಾತು. ದೊಡ್ಡ ಊರಿನಿಂದ ಒಬ್ಬರು ತಂದ ಅಂದಾಜು ಪಟ್ಟಿಯಲ್ಲಿ "ಬೋನ್ ಗ್ರಾಫ್ಟ್" ಅಂತ ಒಂದೇ ಸಾಲು, ಮುಂದೆ ಒಂದು ದೊಡ್ಡ ಮೊತ್ತ. ಯಾವ ಪುಡಿ, ಎಷ್ಟು, ಪೊರೆ ಸೇರಿದೆಯಾ ಏನೂ ಇಲ್ಲ. ಒಂದು ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ ಬೇಕಾಗುವುದು ಒಂದೆರಡು ಸಿಸಿ ಪುಡಿ. ಹೆಸರು, ಪ್ರಮಾಣ, ಪೊರೆ, ಸರ್ಜನ್ ಫೀಸು ಬೇರೆ ಬೇರೆ ಬರೆಸಿಕೊಳ್ಳಿ. ಪ್ಯಾಕೆಟ್‌ಗಳ ಜೊತೆ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಒಂದನ್ನು ನಿಮ್ಮ ಫೈಲಿಗೆ ಅಂಟಿಸಲು ಹೇಳಿ. ಹತ್ತು ವರ್ಷದ ಮೇಲೆ ಬೇರೆ ಊರಿನ ಡಾಕ್ಟರ್ ಎಕ್ಸ್‌ರೇ ನೋಡಿ "ಇದೇನು ಒಳಗೆ?" ಅಂದಾಗ ತೋರಿಸಲು ಬೇಕು. ಅಮ್ಮತ್ತಿಯ ಅಜ್ಜಿ ಅದನ್ನು ಫೈಲಿಗೆ ಕೊಡಲಿಲ್ಲ. ಕನ್ನಡಕದ ಡಬ್ಬಿಯೊಳಗೆ ಅಂಟಿಸಿಕೊಂಡಿದ್ದಾರೆ. ಯಾರಾದರೂ ಕೇಳಿದರೆ ಡಬ್ಬಿ ತೆರೆದು ತೋರಿಸುತ್ತಾರಂತೆ, "ಇದರಲ್ಲಿ ದನ ಇಲ್ಲ, ನೋಡು."